ಕರುಗಳ ಬೀಜ ಒಡೆಸಿದ ಮೇಲಿನ ಆರು ವಾರ: ನಮ್ಮ ಹೋಬಳಿ ಪಶು ಆಸ್ಪತ್ರೆಯ ಸೇವೆ ಹೇಗಿತ್ತು

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಆ ನಾಲ್ಕೂ ಬೀಜ ಒಡೆದ ಕೆಲಸಕ್ಕಲ್ಲ, ಒಡೆದ ಮೇಲೆ ಆರು ವಾರ ನಮ್ಮ ಕರುಗಳನ್ನು ಕೈಬಿಡದೆ ನೋಡಿಕೊಂಡಿದ್ದಕ್ಕೆ. ನಮ್ಮ ಕಡೆ ಯಾರ ಮನೆಯಲ್ಲಿ ಹೋರಿ ಕರುವನ್ನು ಎತ್ತು ಮಾಡಲು ಬೀಜ ಒಡೆಸಿದರೂ ಜನ ಕೇಳುವುದು "ಯಾರು ಒಡೆದ್ರು, ಎಷ್ಟು ತಗೊಂಡ್ರು" ಅಂತ ಮಾತ್ರ. ಆಮೇಲೆ ಕರು ಹೇಗಿತ್ತು, ಬಾವು ಎಷ್ಟು ದಿನಕ್ಕೆ ಇಳಿಯಿತು, ಯಾರಾದರೂ ತಿರುಗಿ ಬಂದು ನೋಡಿದರಾ ಅಂತ ಯಾರೂ ಕೇಳುವುದಿಲ್ಲ. ಡಾಕ್ಟರ ಬೈಕು ನಮ್ಮ ಉಣುಗೋಲು (ಬೇಲಿಯ ಗೇಟು) ದಾಟಿ ಹೋದ ಮೇಲೇ ಅಲ್ವಾ ಅಸಲು ಕೆಲಸ ಶುರುವಾಗುವುದು?

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗೆ ಹೋದರೆ ಸಿಗುವ ಹಳ್ಳಿ. ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ. ಗದ್ದೆಯೆಲ್ಲ ಮೆಟ್ಟಿಲು ಮೆಟ್ಟಿಲು. ಟಿಲ್ಲರ್ ಇಳಿಸಬಹುದು, ಹತ್ತಿಸುವುದು ಕಷ್ಟ. ಹಾಗಾಗಿ ನಮಗೆ ಇನ್ನೂ ಎತ್ತು ಬೇಕು. ಕೊಟ್ಟಿಗೆಯಲ್ಲಿ ಇರುವುದೆಲ್ಲ ಮಲೆನಾಡು ಗಿಡ್ಡ. ನೋಡಲು ಚಿಕ್ಕವು, ಆದರೆ ಕೆಸರಲ್ಲಿ ಇವುಗಳ ಕಾಲು ಹೂತುಕೊಳ್ಳುವುದಿಲ್ಲ, ಮಳೆಗೆ ಹೆದರುವುದಿಲ್ಲ. ಹದಿನಾಲ್ಕು ತಿಂಗಳ ಕಾಳ, ಎಂಟು ತಿಂಗಳ ಕೆಂಚ, ಇವೆರಡನ್ನೂ ಜೋಡಿ ಮಾಡಬೇಕು ಅಂತ ಮನಸ್ಸಲ್ಲಿತ್ತು. ಶಿಕಾರಿಪುರ, ಸೊರಬದ ಕಡೆಯವರು ಹೋರಿ ಹಬ್ಬಕ್ಕೆ ಅಂತ ಹೋರಿಯನ್ನೇ ಸಾಕುತ್ತಾರೆ, ಅದು ಬೇರೆ ಲೆಕ್ಕ. ನಮಗೆ ಬೇಕಿದ್ದಿದ್ದು ನೇಗಿಲು ಹಿಡಿದವನ ಮಾತು ಕೇಳುವ ಎತ್ತು.

ಕೊಟ್ಟಿಗೆ ಕೆಲಸ ಪೂರ್ತಿ ನನ್ನದು. ಹಾಗಾಗಿ ಈ ಆರು ವಾರ ನೋಡಿದ್ದು, ಮುಟ್ಟಿದ್ದು, ತೊಳೆದಿದ್ದು ಎಲ್ಲ ನಾನೇ.

ಮೊದಲು ಹಳೆಯದೊಂದು ಹೇಳಬೇಕು. ಕೆಲವು ವರ್ಷದ ಹಿಂದೆ ನಮ್ಮಲ್ಲಿ ಬೆಳ್ಳ ಅಂತ ಒಂದು ಕರು ಇತ್ತು. ಒಂದು ವರ್ಷ ದಾಟಿತ್ತು. ಊರೂರು ತಿರುಗುವ ಒಬ್ಬರು ಬಂದು "ಇದಕ್ಕೆ ರಬ್ಬರ್ ಉಂಗುರ ಹಾಕಿದ್ರೆ ಸಾಕು, ರಕ್ತ ಇಲ್ಲ, ಗಾಯ ಇಲ್ಲ, ತಾನೇ ಒಣಗಿ ಬೀಳುತ್ತೆ" ಅಂದರು. ಹಾಕಿಸಿದೆವು. ಆ ಉಂಗುರ ಹುಟ್ಟಿ ಕೆಲವೇ ವಾರವಾದ ಎಳೆಗರುಗಳಿಗೆ, ಅಷ್ಟು ದೊಡ್ಡ ಕರುವಿಗಲ್ಲ ಅಂತ ನಮಗೆ ಗೊತ್ತಿರಲಿಲ್ಲ. ಉಂಗುರದ ಕೆಳಗೆ ರಕ್ತ ಹೋಗದೆ ಮಾಂಸ ಸಾಯುತ್ತದೆ, ಗಾಳಿ ಆಡದ ಅಂಥ ಜಾಗದಲ್ಲೇ ಧನುರ್ವಾಯುವಿನ ರೋಗಾಣು ಬೆಳೆಯುತ್ತದೆ. ಅದರ ಬೀಜಾಣು ಮಣ್ಣಲ್ಲಿ, ಸಗಣಿಯಲ್ಲಿ ಇದ್ದೇ ಇರುತ್ತದೆ. ಹನ್ನೆರಡನೇ ದಿನ ಬೆಳ್ಳನ ಕಿವಿ ನೆಟ್ಟಗೆ ನಿಂತಿತು. ಮಾರನೇ ದಿನ ಬಾಲ ಕೋಲಿನ ಹಾಗೆ ಹಿಂದಕ್ಕೆ ಚಾಚಿತು, ದವಡೆ ಬಿಡಿಸಲು ಆಗಲಿಲ್ಲ. ಕಣ್ಣಿನ ಮೂಲೆಯಿಂದ ಬಿಳಿ ಪೊರೆ ಅಡ್ಡ ಬಂದಿತ್ತು. ನಮ್ಮ ಅತ್ತೆ ರಾತ್ರಿಯೆಲ್ಲ ಅದರ ತಲೆ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಬೆಳಗಿನ ಜಾವ ಹೋಯಿತು. ಇದನ್ನು ಓದುವವರಲ್ಲಿ ಒಬ್ಬರಾದರೂ ದೊಡ್ಡ ಕರುವಿಗೆ ಉಂಗುರ ಹಾಕಿಸುವುದನ್ನು ಬಿಟ್ಟರೆ ನನಗೆ ಸಮಾಧಾನ.

ಕಾಳನದು ಇನ್ನೊಂದು ಕಥೆ. ಅವನಿಗೆ ಹಿಂದಿನ ವರ್ಷವೇ ಯಾರೋ ಒಬ್ಬರು ಹಳೆಯ ಇಕ್ಕಳ ಹಿಡಿದುಕೊಂಡು ಬಂದು ಬೀಜದ ನಾಳ ಒತ್ತಿ ಹೋಗಿದ್ದರು. ಎಡಗಡೆ ಒಣಗಿತು, ಬಲಗಡೆ ನಾಳ ಜಾರಿತ್ತು. ಯಾರೂ ತಿರುಗಿ ನೋಡಲಿಲ್ಲ, ನಮಗೂ ನೋಡಬೇಕು ಅಂತ ತಿಳಿದಿರಲಿಲ್ಲ. ಪಕ್ಕದ ಮನೆ ಮಣಕದ ಮೇಲೆ ಹತ್ತಲು ಶುರು ಮಾಡಿದಾಗಲೇ ಗೊತ್ತಾಗಿದ್ದು.

ಅದಕ್ಕೇ ಈ ಸಲ ಹೋಬಳಿ ಪಶು ಆಸ್ಪತ್ರೆಗೇ ಹೋದೆ. ಊರಿನ ಹೆಸರು, ಡಾಕ್ಟರ ಹೆಸರು ಹಾಕುತ್ತಿಲ್ಲ, ಅವರೇ ಬೇಡ ಅಂದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಊರಲ್ಲಿ ಎಲ್ಲರೂ ಡಾಕ್ಟರಮ್ಮ ಅನ್ನುತ್ತಾರೆ. ನಾನು ಹೋಗಿದ್ದು ಸೆಪ್ಟೆಂಬರಲ್ಲಿ. "ಅಕ್ಕ, ಈಗ ಬೇಡ. ಮಳೆ ಪೂರ್ತಿ ನಿಲ್ಲಲಿ, ಚಳಿ ಬೀಳಲಿ, ನೊಣ ಕಮ್ಮಿ ಆಗ್ಲಿ. ಡಿಸೆಂಬರಲ್ಲಿ ಮಾಡೋಣ" ಅಂದರು. ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಆಗುಂಬೆಯ ಪಕ್ಕದಲ್ಲಿ ಇದ್ದುಕೊಂಡು ಮಳೆಗಾಲದಲ್ಲಿ ಗಾಯ ಮಾಡಿಸುವುದು ಅಂದರೆ ಹುಳ ಬೀಳಿಸಿಕೊಂಡ ಹಾಗೆ. ಮೂರು ತಿಂಗಳು ಕಾಯಿಸಿದರಲ್ಲ ಅಂತ ಆಗ ಸ್ವಲ್ಪ ಬೇಜಾರಾಗಿತ್ತು, ಈಗ ಇಲ್ಲ. ಅವತ್ತೇ ಎರಡಕ್ಕೂ ಜಂತುಹುಳದ ಔಷಧಿ ಕೊಟ್ಟರು. ಧನುರ್ವಾಯು ಲಸಿಕೆ ಮುಂಚೆಯೇ ಹಾಕಿಸಬೇಕು, ಅದು ಮೈಯಲ್ಲಿ ಹಿಡಿಯಲು ಎರಡು ವಾರವಾದರೂ ಬೇಕು, ಕೊಯ್ದ ದಿನ ಹಾಕಿದರೆ ತಡ ಅಂತ ಹೇಳಿದ್ದೂ ಅವರೇ. ಬೆಳ್ಳನ ಸಮಯದಲ್ಲಿ ಈ ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ.

ಸ್ಟಾರ್ ಒಂದು ಕಮ್ಮಿಯಾಗಿದ್ದು ಇಲ್ಲೇ. ಆ ಲಸಿಕೆ ಆಸ್ಪತ್ರೆಯಲ್ಲಿ ಇರಲಿಲ್ಲ. ಎರಡು ಸಲ ಹೋಗಿ ಬರಿಗೈಲಿ ಬಂದೆ. ಕೊನೆಗೆ ನಮ್ಮ ಯಜಮಾನರು ಪೇಟೆಯ ಮೆಡಿಕಲ್ ಶಾಪಿನಿಂದ ಐಸ್ ಹಾಕಿಸಿಕೊಂಡು ತಂದರು. ಆಮೇಲೆ ದಿನ ಕೊಟ್ಟು ಬರದೇ ಇದ್ದಿದ್ದು ಒಂದು ಸಲ. ಅಡಿಕೆ ಕೊನೆ ಕೊಯ್ಲಿನ ಸಮಯ, ಆಳು ಸಿಗುವುದೇ ಕಷ್ಟ, ಹಗ್ಗ ಹಿಡಿಯಲು ಅಂತ ಇಬ್ಬರನ್ನು ನಿಲ್ಲಿಸಿಕೊಂಡು ಮಧ್ಯಾಹ್ನದವರೆಗೆ ಕಾದೆವು. ಒಬ್ಬ ಡಾಕ್ಟರಿಗೆ ಮೂರು ಆಸ್ಪತ್ರೆ ಕೊಟ್ಟಿದ್ದಾರೆ, ಅವತ್ತು ಎಲ್ಲೋ ಹಸುವಿಗೆ ಕರು ಅಡ್ಡ ಬಂದಿತ್ತಂತೆ. ಅವರ ತಪ್ಪಲ್ಲ. ಆದರೂ ಒಂದು ಫೋನ್ ಮಾಡಿದ್ದರೆ ಆ ಇಬ್ಬರ ಒಂದು ದಿನದ ಕೂಲಿ ಉಳಿಯುತ್ತಿತ್ತು.

ಸರಿ, ಡಿಸೆಂಬರ್ ಎರಡನೇ ವಾರ ಬಂದರು, ಜೊತೆಗೆ ಆಸ್ಪತ್ರೆಯ ಸಹಾಯಕರು ಒಬ್ಬರು. ಬೆಳಗ್ಗೆ ಹೊಟ್ಟೆ ತುಂಬ ತಿನ್ನಿಸಬೇಡಿ ಅಂತ ಮುಂಚೆಯೇ ಹೇಳಿದ್ದರು. ಕೆಂಚನಿಗೆ ಇಕ್ಕಳ, ಕಾಳನಿಗೆ ಕೊಯ್ದು ತೆಗೆಯುವುದು ಅಂತ ತೀರ್ಮಾನವಾಯಿತು. ಕಾಳನ ಬಲಗಡೆ ನಾಳ ಹಿಂದಿನ ಸಲದ ಪೆಟ್ಟಿನಿಂದ ಗಂಟುಗಂಟಾಗಿತ್ತು. ಇಕ್ಕಳ ಅಲ್ಲಿ ಸರಿಯಾಗಿ ಕೂರುವುದಿಲ್ಲ ಅಂದರು. ನನ್ನ ಕೈಯನ್ನೂ ಅಲ್ಲಿ ಇಡಿಸಿ ತೋರಿಸಿದರು. ಎಡಗಡೆಯದು ಒಣ ಅಡಿಕೆಯಷ್ಟು, ಬಲಗಡೆಯದು ತುಂಬಿ ಗಟ್ಟಿ.

ಈ ಇಕ್ಕಳಕ್ಕೆ ಬರ್ಡಿಜೊ ಅಂತ ಹೆಸರು, ಅದನ್ನು ಕಂಡುಹಿಡಿದ ಇಟಲಿಯ ಪಶುವೈದ್ಯರ ಹೆಸರೇ ಅದಕ್ಕೆ. ಚರ್ಮ ಹರಿಯುವುದಿಲ್ಲ, ಒಳಗಿನ ನಾಳ ಮಾತ್ರ ಜಜ್ಜುತ್ತದೆ. ಕೆಂಚನ ಹಿಂದೆ ಕೂತು ಅವರು ನಾಳವನ್ನು ಬೆರಳಲ್ಲಿ ಹಿಡಿದು ಚೀಲದ ಅಂಚಿಗೆ ತಂದರು. ಇಕ್ಕಳ ಮುಚ್ಚಿ ಬಾಯಲ್ಲೇ ಹತ್ತು ಎಣಿಸಿದರು. ಅದೇ ಬದಿಯಲ್ಲಿ ಸ್ವಲ್ಪ ಕೆಳಗೆ ಇನ್ನೊಂದು ಸಲ. ಆಮೇಲೆ ಇನ್ನೊಂದು ಬದಿ, ಆದರೆ ಅದೇ ಗೆರೆಯಲ್ಲಿ ಅಲ್ಲ, ಸ್ವಲ್ಪ ಮೇಲೆ ಕೆಳಗೆ. ಎರಡೂ ಗೆರೆ ಕೂಡಿಬಿಟ್ಟರೆ ಕೆಳಗಿನ ಚರ್ಮಕ್ಕೆ ರಕ್ತ ಹೋಗುವ ದಾರಿ ಮುಚ್ಚಿ ಇಡೀ ಚೀಲ ಕಪ್ಪಾಗಿ ಕಳಚಿ ಬೀಳುತ್ತದಂತೆ, ನಡುವೆ ಒಂದು ಬೆರಳಿನಷ್ಟು ಚರ್ಮ ಮುಟ್ಟದೆ ಬಿಡಲೇಬೇಕು. ನೀವು ಯಾರಿಂದ ಮಾಡಿಸಿದರೂ ಇದೊಂದನ್ನು ಕಣ್ಣಿಟ್ಟು ನೋಡಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೋವಿನ ವಿಷಯ. ಇಷ್ಟು ವರ್ಷ ನಾನು ನೋಡಿದ್ದು ನಾಲ್ಕು ಜನ ಮೇಲೆ ಕೂತು ಕರು ಕೂಗುತ್ತಿರುವಾಗಲೇ ಮಾಡಿ ಮುಗಿಸುವುದನ್ನು. ಇವರು ಮೊದಲು ಮರಗಟ್ಟುವ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಸುಮ್ನೆ ಕೂತರು. ನಮ್ಮ ಅತ್ತೆ ಕೊಟ್ಟ ಕಷಾಯ ಕುಡಿದರು. ಆಮೇಲೆ ಸೂಜಿ ಚುಚ್ಚಿ ನೋಡಿ, ಕರು ಅಲುಗದೆ ಇದ್ದಾಗಲೇ ಕೈ ಹಾಕಿದ್ದು. ನೋವಿಗೆ ಮೆಲಾಕ್ಸಿಕಾಮ್ ಕೊಟ್ಟರು, ಮಾರನೇ ದಿನಕ್ಕೂ ಒಂದು ಬರೆದುಕೊಟ್ಟರು. ಮನೆಯಲ್ಲಿ ಉಳಿದಿರುವ ಮನುಷ್ಯರ ನೋವಿನ ಮಾತ್ರೆ ಏನನ್ನೂ ದನಕ್ಕೆ ಕೊಡಬೇಡಿ ಅಂತ ಎಚ್ಚರ ಹೇಳಿದರು. ನೋವಿನ ಔಷಧಿ ಡೈಕ್ಲೋಫಿನ್ಯಾಕ್ ಕೊಟ್ಟ ದನ ಸತ್ತು ಅದನ್ನು ರಣಹದ್ದುಗಳು ತಿಂದರೆ, ಅವುಗಳ ಮೂತ್ರಪಿಂಡ ಹಾಳಾಗಿ ಅವು ಸಾಯುತ್ತವೆ. ಅದಕ್ಕೇ 2006ರಲ್ಲೇ ದನಗಳಿಗೆ ಅದನ್ನು ನಿಷೇಧ ಮಾಡಿದ್ದು, 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫಿನ್ಯಾಕ್ ಕೂಡ ಸೇರಿತು. ಮೆಲಾಕ್ಸಿಕಾಮ್‌ನಿಂದ ರಣಹದ್ದಿಗೆ ಆ ತೊಂದರೆ ಇಲ್ಲ. ಇಷ್ಟೆಲ್ಲ ಕೊಟ್ಟಿಗೆಯ ಕಟ್ಟೆ ಮೇಲೆ ಕೂತು ನನಗೆ ಹೇಳುವ ಅಗತ್ಯ ಅವರಿಗೆ ಇರಲಿಲ್ಲ. ಹೇಳಿದರು.

ಹೊರಡುವಾಗ ಒಂದು ಹಾಳೆ ಕೊಟ್ಟರು, ಕೈಯಲ್ಲೇ ಬರೆದಿದ್ದು. ಅಕ್ಷರ ಸಣ್ಣ, ಅತ್ತೆಗೆ ಓದಲು ಆಗಲಿಲ್ಲ, ನಾನು ದೊಡ್ಡದಾಗಿ ಬರೆದು ಕೊಟ್ಟಿಗೆ ಬಾಗಿಲಿಗೆ ಅಂಟಿಸಿದೆ. ಅದರಲ್ಲಿ ಮೊದಲನೇ ಸಾಲು, "ಸಂಜೆಯೊಳಗೆ ಉಚ್ಚೆ ಹೊಯ್ಯಿತಾ ನೋಡಿ." ಇಕ್ಕಳ ತಪ್ಪಿ ಮೂತ್ರದ ನಾಳಕ್ಕೆ ಬಿದ್ದಿದ್ದರೆ ಕರು ಹೊಯ್ಯುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ನಾನು ಮೂರು ಗಂಟೆಯಿಂದ ಕೆಂಚನ ಹಿಂದೆಯೇ ನಿಂತಿದ್ದೆ. ನಾಲ್ಕೂಕಾಲಿಗೆ ಹೊಯ್ದ. ಐದೂವರೆಗೆ ಮಲಗಿ ಮೆಲುಕು ಹಾಕಲು ಶುರು ಮಾಡಿದ. ಮೆಲುಕು ಹಾಕುತ್ತಿದೆ ಅಂದರೆ ನೋವು ತಡೆದುಕೊಳ್ಳುವಷ್ಟಿದೆ ಅಂತ ಅರ್ಥ. ಹೊಟ್ಟೆ ಕಡೆಗೆ ಒದೆಯುವುದು, ಎದ್ದು ಕೂತು ಮಾಡುವುದು, ಹಿಂಗಾಲು ಅಗಲಿಸಿ ತಲೆ ತಗ್ಗಿಸಿ ನಿಲ್ಲುವುದು, ಇವೆಲ್ಲ ನೋವಿನ ಗುರುತು. ಕಾಳ ಮೊದಲ ರಾತ್ರಿ ಹಾಗೇ ನಿಂತಿದ್ದ.

ಕೆಂಚನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎರಡನೇ ದಿನ ಬಾವು ಬಂತು, ಚೀಲ ದಪ್ಪಗಾಗಿ ಬಿಸಿಯಾಗಿತ್ತು. ಅತ್ತೆ "ಎಣ್ಣೆ ಅರಿಶಿನ ಕಾಯಿಸಿ ಹಚ್ಚೋಣ ಕಣೇ" ಅಂದರು. ಚರ್ಮ ಹರಿದಿಲ್ಲ, ಮೇಲೆ ಏನೂ ಹಚ್ಚುವ ಅಗತ್ಯವಿಲ್ಲ, ತಿಕ್ಕಲೇಬೇಡಿ ಅಂತ ಹಾಳೆಯಲ್ಲಿ ಇತ್ತು. ಹಚ್ಚಲಿಲ್ಲ. ನಾಲ್ಕನೇ ದಿನದಿಂದ ಇಳಿಯಿತು. ಎರಡು ವಾರಕ್ಕೆ ಮಾಮೂಲು.

ಕಾಳನದೇ ದೊಡ್ಡ ಕೆಲಸ. ಕೊಯ್ದ ಗಾಯಕ್ಕೆ ಹೊಲಿಗೆ ಹಾಕುವುದಿಲ್ಲ. ತಳದಲ್ಲಿ ತೆರೆದೇ ಬಿಡುತ್ತಾರೆ, ಒಳಗಿನ ನೀರು, ರಕ್ತ ಸೋರಿ ಹೋಗಬೇಕು ಅಂತ. ಅದನ್ನು ನೋಡಿದರೆ ನಮ್ಮವರಿಗೆ ಕೈ ಸುಮ್ಮನಿರುವುದಿಲ್ಲ. ಅರಿಶಿನ ತುಂಬು, ಒಲೆ ಬೂದಿ ತುಂಬು, ಕಾಫಿ ಪುಡಿ ಒತ್ತು. ಹಾಗೆ ಬಾಯಿ ಮುಚ್ಚಿದರೆ ಒಳಗೆ ಕೀವು ಕಟ್ಟುತ್ತದೆ. ರಕ್ತ ಬರುತ್ತಿದ್ದರೆ ಡಾಕ್ಟರಮ್ಮ ಹೇಳಿದ ಲೆಕ್ಕ ತುಂಬ ಸುಲಭ. ಹನಿ ಎಣಿಸಲು ಆಗುವಷ್ಟಿದ್ದರೆ ಹೆದರಬೇಡಿ, ಧಾರೆಯಾದರೆ ತಕ್ಷಣ ಫೋನ್ ಮಾಡಿ. ಮೊದಲ ದಿನ ನಾನು ಎಣಿಸಿದೆ. ಕತ್ತಲಾಗುವ ಹೊತ್ತಿಗೆ ನಿಂತಿತ್ತು. ಗಾಯದಿಂದ ದಾರದ ಹಾಗೆ ಏನಾದರೂ ಜೋತು ಬಿದ್ದರೆ ಎಳೆಯಬೇಡಿ, ಕತ್ತರಿಸಬೇಡಿ, ನಾನು ಬರ್ತೀನಿ ಅಂದಿದ್ದರು. ಅದೃಷ್ಟ, ಹಾಗಾಗಲಿಲ್ಲ.

ಮಲಗುವ ಜಾಗದ ವಿಷಯವನ್ನು ಮಾತ್ರ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ನಮ್ಮ ಮಲೆನಾಡಿನ ಕೊಟ್ಟಿಗೆಯದ್ದೇ ತೊಂದರೆ. ನಾವು ಸೊಪ್ಪು ಹಾಕುತ್ತೇವೆ. ದಿನಾ ಸಗಣಿ ಗಂಜಲದ ಮೇಲೆ ಸೊಪ್ಪು, ಅದರ ಮೇಲೆ ಮತ್ತೆ ಸೊಪ್ಪು, ಗೊಬ್ಬರ ಚೆನ್ನಾಗಿ ಆಗುತ್ತದೆ. ಆದರೆ ತೆರೆದ ಗಾಯ ಇರುವ ಕರು ಅದರ ಮೇಲೆ ಕೂತರೆ ಗಾಯ ನೇರ ಸಗಣಿಗೆ. ಬೇಸಿಗೆಗೆ ದರಗು (ಒಣ ಎಲೆ) ತಂದು ಹಾಕುವುದು ಇದ್ದೇ ಇದೆ, ಅದನ್ನೇ ಹಾಕುತ್ತೇನೆ ಅಂದೆ. ಬೇಡ ಅಂದರು. ಕಾಡಿನ ದರಗಲ್ಲಿ ಉಣುಗು (ಉಣ್ಣೆ) ಇರುತ್ತದೆ, ಮಂಗನ ಕಾಯಿಲೆ ಹರಡುವುದೇ ಅದು ಕಚ್ಚಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಚಳಿಗಾಲ ಶುರುವಾಗಿ ಬೇಸಿಗೆ ಮುಗಿಯುವ ತನಕ ಅದರದ್ದೇ ಕಾಲ, ಅಂದರೆ ನಾವು ಬೀಜ ಒಡೆಸುವ ಕಾಲವೂ ಅದೇ. ಆ ಕಾಯಿಲೆಯಿಂದ ದನ ಹಾಸಿಗೆ ಹಿಡಿಯುವುದಿಲ್ಲ, ಆದರೆ ಉಣುಗನ್ನು ಕಾಡಿಂದ ಮನೆಗೆ ಹೊತ್ತು ತರುತ್ತದೆ. ಗಾಯ ತೊಳೆಯಲು ಕರುವಿನ ತೊಡೆ ಸಂದಿಗೆ ಮುಖ ಇಟ್ಟು ಕೂರುವವಳು ನಾನು. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡಲ್ಲಿ ಆ ಕಾಯಿಲೆಗೆ ಜನ ಸತ್ತಿದ್ದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ಕೊಟ್ಟಿಗೆಯ ಒಂದು ಮೂಲೆ ಪೂರ್ತಿ ಕೆತ್ತಿ, ತೊಳೆದು, ಎರಡು ದಿನ ಒಣಗಿಸಿ, ಹೊಸ ಭತ್ತದ ಹುಲ್ಲು ಹಾಸಿದೆವು. ಆಗಷ್ಟೇ ಗದ್ದೆ ಕೊಯ್ಲು ಮುಗಿದಿತ್ತು, ಹುಲ್ಲಿಗೆ ಬರ ಇರಲಿಲ್ಲ. ಬೆಳಗ್ಗೆ ಸಂಜೆ ಎರಡು ಸಲ ಬದಲಿಸಿದೆ. ಮೂರು ವಾರ ಎರಡೂ ಕರುವನ್ನು ಕಾಡಿಗೆ ಬಿಡಲಿಲ್ಲ, ಆದರೆ ಕಟ್ಟಿಯೇ ಹಾಕಬೇಡಿ ಅಂದಿದ್ದರು. ನಿಂತಲ್ಲೇ ನಿಂತರೆ ಬಾವು ಇಳಿಯುವುದಿಲ್ಲ, ನಡೆದರೆ ನೀರು ಸೋರುತ್ತದೆ. ದಿನಾ ಅಂಗಳದಿಂದ ಕಣದ ತನಕ ನಾಲ್ಕು ಸುತ್ತು ನಡೆಸುತ್ತಿದ್ದೆ. ಕಾಳ ಮೊದಲೆರಡು ದಿನ ಕಾಲು ಎತ್ತಲೇ ಒಲ್ಲೆ ಅಂದ, ಕೈಯಲ್ಲಿ ಅಕ್ಕಚ್ಚಿನ ಬಕೆಟ್ ಹಿಡಿದುಕೊಂಡು ಮುಂದೆ ಹೋದರೆ ಹಿಂದೆ ಬಂದ.

ಆರನೇ ದಿನ ಭಾನುವಾರ. ಬೆಳಗ್ಗೆ ಅಂಗಳದಲ್ಲಿ ಕಾಳನನ್ನು ಕಟ್ಟಿ ಹಂಡೆಗೆ ಬೆಂಕಿ ಹಾಕಲು ಒಳಗೆ ಹೋಗಿದ್ದೆ. ತಿರುಗಿ ಬಂದರೆ ಕಾಗೆಯೊಂದು ಅವನ ಹಿಂಗಾಲ ನಡುವೆ ನೆಲದ ಮೇಲೆ ನಿಂತು ಹಾರಿ ಹಾರಿ ಗಾಯಕ್ಕೆ ಕುಕ್ಕುತ್ತಿತ್ತು. ಓಡಿಸಿದೆ. ಬಗ್ಗಿ ನೋಡಿದರೆ ಹಿಂದಿನ ದಿನ ಒಣಗಿದ್ದ ಅಂಚು ಒದ್ದೆಯಾಗಿದೆ, ಒಂಥರಾ ಸಿಹಿ ಕೊಳೆತ ವಾಸನೆ. ಟಾರ್ಚ್ ಹಾಕಿದೆ. ಒಳಗೆ ಬಿಳಿ ಅಕ್ಕಿ ನುಚ್ಚು ಅಲುಗಾಡಿದ ಹಾಗೆ ಕಂಡಿತು. ಹುಳ. ಡಿಸೆಂಬರ್ ಚಳಿಯಲ್ಲೂ ಬಿತ್ತು. ನನಗೆ ಕೈಕಾಲು ತಣ್ಣಗಾಯಿತು, ಬೆಳ್ಳನದೇ ನೆನಪು.

ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸಿದೆ, ಭಾನುವಾರ ಉತ್ತರ ಬರುತ್ತದೆ ಅಂತ ನಂಬಿಕೆ ಇರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು. "ಅಕ್ಕ, ಹೆದರ್ಬೇಡಿ. ಈಗಷ್ಟೇ ಬಿದ್ದಿದೆ, ಒಳಗೆ ಹೋಗಿಲ್ಲ. ಜ್ವರ ನೋಡಿ ಹೇಳಿ." ಥರ್ಮಾಮೀಟರ್ ಇಟ್ಟುಕೊಳ್ಳಿ ಅಂತ ಮೊದಲೇ ಹೇಳಿದ್ದರು, ಬಾಲದ ಕೆಳಗೆ ಇಟ್ಟು ನೋಡಿದೆ, 102 ಇತ್ತು. ದನಕ್ಕೆ 101, 102 ಮಾಮೂಲು, 104 ದಾಟಿದರೆ ಗಾಬರಿ. ಮಧ್ಯಾಹ್ನ ಮೂರಕ್ಕೆ ಅವರೇ ಬಂದರು. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಗಾಯದ ಬಾಯಿಗೆ ಇಟ್ಟರು, ಉಸಿರು ಕಟ್ಟಿ ಹುಳ ಹೊರಗೆ ಬಂದವು, ಒಂದೊಂದಾಗಿ ಚಿಮುಟದಲ್ಲಿ ತೆಗೆದರು. ಹದಿನೇಳು. ತೆಗೆದ ಹುಳವನ್ನು ನೆಲಕ್ಕೆ ಬಿಸಾಕದೆ ಸೀಮೆಎಣ್ಣೆ ಡಬ್ಬಿಗೆ ಹಾಕಿಸಿದರು, ಬಿಸಾಕಿದರೆ ಅದೇ ಮತ್ತೆ ನೊಣ. ಹತ್ತಿಯನ್ನು ತುಂಬ ಹೊತ್ತು ಬಿಡಬಾರದು, ಗಾಯ ಸುಡುತ್ತದೆ. ಇನ್ನೊಂದು ವಿಷಯ, ಪೇಂಟ್ ಅಂಗಡಿಯಲ್ಲಿ ಸಿಗುವ ಟರ್ಪೆಂಟೈನ್ ಬೇಡ, ಅದು ಪೆಟ್ರೋಲಿನ ಜಾತಿಯದು. ಮೆಡಿಕಲ್ ಶಾಪಿನದೇ ತನ್ನಿ. ಆಮೇಲೆ ಗಾಯ ತೊಳೆದು ನೊಣ ಕೂರದ ಸ್ಪ್ರೇ ಹೊಡೆದರು, ಹುಳಕ್ಕೆ ಒಂದು ಇಂಜೆಕ್ಷನ್ ಕೊಟ್ಟರು.

ಅವತ್ತಿಂದ ನಾನೇ ದಿನಾ ಎರಡು ಸಲ ತೊಳೆದೆ. ಪೊಟ್ಯಾಸಿಯಂ ಪರ್ಮಾಂಗನೇಟ್‌ನ ಒಂದೆರಡು ಹರಳು ಒಂದು ಬಕೆಟ್ ಕುದಿಸಿ ಆರಿಸಿದ ನೀರಿಗೆ. ಬಣ್ಣ ತಿಳಿ ಗುಲಾಬಿ ಇರಬೇಕು, ಗಾಢ ನೇರಳೆಯಾದರೆ ಚೆಲ್ಲಿ ಹೊಸದು ಮಾಡಿ, ಇಲ್ಲದಿದ್ದರೆ ಹೊಸ ಚರ್ಮ ಸುಡುತ್ತದೆ. ತೊಳೆದು, ಹಳೆ ಪಂಚೆಯ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಸ್ಪ್ರೇ. ಸ್ಪ್ರೇ ಗಾಯದ ಸುತ್ತ ನಾಲ್ಕು ಬೆರಳು ಜಾಗಕ್ಕೂ ಬೀಳಬೇಕು, ನೊಣ ಮೊದಲು ಕೂರುವುದು ಅಂಚಿನಲ್ಲೇ. ಸಂಜೆ ಕೊಟ್ಟಿಗೆಯಲ್ಲಿ ಲಕ್ಕಿ ಸೊಪ್ಪಿನ ಹೊಗೆ ಹಾಕಿದೆವು, ಅದು ಅತ್ತೆಯ ಉಪಾಯ, ಡಾಕ್ಟರಮ್ಮನೂ ಒಳ್ಳೇದೇ ಅಂದರು. ಮಂಗಳವಾರ, ಶುಕ್ರವಾರ ಅವರೇ ಫೋನ್ ಮಾಡಿ ಕೇಳಿದರು. ಹದಿಮೂರನೇ ದಿನಕ್ಕೆ ಗಾಯ ಒಳಗಿಂದ ಕೆಂಪಗೆ ತುಂಬಿಕೊಂಡು ಬಂತು, ಇಪ್ಪತ್ತೊಂದಕ್ಕೆ ಒಂದು ಗೆರೆ ಮಾತ್ರ ಉಳಿಯಿತು.

ಖರ್ಚು ಕೇಳುವವರಿಗೆ: ಲಸಿಕೆ, ಸ್ಪ್ರೇ, ಔಷಧಿ ಎಲ್ಲ ಹೊರಗಿನಿಂದ ತಂದಿದ್ದು ಸೇರಿ ಎರಡು ಕರುವಿಗೆ ಒಂದು ಸಾವಿರದೊಳಗೆ ಆಯಿತು. ಭಾನುವಾರ ಬಂದಿದ್ದಕ್ಕೆ ಪೆಟ್ರೋಲ್‌ಗೆ ಅಂತ ಕೊಡಲು ಹೋದರೆ ತಗೊಳ್ಳಲಿಲ್ಲ. ಒಂದು ಗೊನೆ ಬಾಳೆಹಣ್ಣು ಬೈಕಿಗೆ ಕಟ್ಟಿ ಕಳಿಸಿದೆವು. ಡಾಕ್ಟರ್ ಸಿಗದಿದ್ದರೆ 1962ಕ್ಕೆ ಫೋನ್ ಮಾಡಬಹುದು, ಅದು ಪಶು ಆಂಬ್ಯುಲೆನ್ಸ್ ನಂಬರು, ನಾನು ಗೋಡೆ ಮೇಲೆ ಬರೆದಿಟ್ಟಿದ್ದೇನೆ.

ಆರು ವಾರಕ್ಕೆ, ಅಂದರೆ ಜನವರಿ ಕೊನೆಗೆ, ಕರೆಯದೆಯೇ ಬಂದರು. ಇದಕ್ಕೇ ನಾನು ಪೂರ್ತಿ ಒಂದು ಸ್ಟಾರ್ ಕೊಡುತ್ತೇನೆ, ಯಾಕೆಂದರೆ ಕಾಳನ ಮೊದಲ ಸಲ ತಪ್ಪಿದ್ದು ಈ ಒಂದು ಭೇಟಿ. ಇಕ್ಕಳ ಹಾಕಿದ ಕೂಡಲೇ ಕರು ಎತ್ತಾಗುವುದಿಲ್ಲ. ಒಳಗೆ ಉಳಿದಿದ್ದು ಖಾಲಿಯಾಗಲು, ಬೀಜ ಒಣಗಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮಣಕಗಳ ಜೊತೆ ಬಿಡಬಾರದು. ಕೆಂಚನನ್ನು ನಿಲ್ಲಿಸಿ ಮುಟ್ಟಿ ನೋಡಿದರು, ನನ್ನ ಕೈಯನ್ನೂ ಇಡಿಸಿದರು. ಎರಡೂ ಕಡೆ ಒಣಗಿದೆ, ಒಂದೊಂದು ಚಾಲಿ ಅಡಿಕೆಯಷ್ಟು. ಒಂದೇ ಒಂದು ಬದಿ ಮೆತ್ತಗೆ ದುಂಡಗೆ ಸಿಕ್ಕಿದ್ದರೂ ಮತ್ತೆ ಮಾಡಬೇಕಿತ್ತು.

ಅತ್ತೆ ಒಂದು ಪ್ರಶ್ನೆ ಕೇಳಿದರು. "ಡಾಕ್ಟ್ರಮ್ಮ, ಇಷ್ಟು ಬೇಗ ಒಡೆದ್ರೆ ಹೆಗಲು ತುಂಬೋದಿಲ್ಲ ಅಂತಿದ್ರು ನಮ್ಮ ಹಿರಿಯರು, ಹೌದಾ?" ಹಿಣಿಲು (ಹೆಗಲ ಮೇಲಿನ ಡುಬ್ಬ), ಕತ್ತು ಬಲಿಯಲಿ ಅಂತ ಎರಡು ವರ್ಷದ ತನಕ ಕಾಯುವ ಪದ್ಧತಿ ನಮ್ಮಲ್ಲಿ ಇತ್ತು. ಅದರಲ್ಲಿ ಸ್ವಲ್ಪ ನಿಜ ಇದೆ ಅಮ್ಮ, ಆದರೆ ದೊಡ್ಡದಾದಷ್ಟೂ ನೋವು ಜಾಸ್ತಿ, ರಕ್ತ ಜಾಸ್ತಿ, ಗಾಯ ಮಾಯುವುದು ತಡ, ನಿಮ್ಮ ಗದ್ದೆಗೆ ಗಿಡ್ಡದ ಎತ್ತಿಗೆ ಇಷ್ಟೇ ಹೆಗಲು ಸಾಕು ಅಂದರು. ಅತ್ತೆ ಕೆಂಚನ ಹಿಣಿಲು ಸವರಿ ನೋಡಿ ಒಪ್ಪಿಕೊಂಡರು.

ನಿಮ್ಮೂರಲ್ಲಿ ಮಾಡಿಸುವವರು ದಿನ ಗೊತ್ತು ಮಾಡುವ ಮುಂಚೆ ಡಾಕ್ಟರನ್ನು ಕೇಳಿ, ಲಸಿಕೆ ಇದೆಯಾ, ಮರಗಟ್ಟುವ ಇಂಜೆಕ್ಷನ್ ಕೊಡ್ತೀರಾ, ಆರು ವಾರಕ್ಕೆ ಬಂದು ನೋಡ್ತೀರಾ ಅಂತ. ಕೇಳುವುದಕ್ಕೆ ಸಂಕೋಚ ಬೇಡ, ಒಳ್ಳೆ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಪಕ್ಕದ ಮನೆಯವರು ಅವರ ಹೋರಿ ಕರುವಿಗೆ ಫೆಬ್ರವರಿ ಮೊದಲ ವಾರ ಹೇಳಿದ್ದಾರೆ, ಲಸಿಕೆ ಈಗಾಗಲೇ ಹಾಕಿಸಿದೆ. ಅವರ ಕೊಟ್ಟಿಗೆಯ ಮೂಲೆ ನಿನ್ನೆ ನಾನೂ ಹೋಗಿ ಕೆತ್ತಿ ಬಂದೆ, ಹುಲ್ಲು ನಮ್ಮ ಬಣವೆಯಿಂದಲೇ ಕೊಡುತ್ತಿದ್ದೇವೆ.